ಹೆಗಲು ಮಾಡುವ ಸಾಲ

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿಗಳು ಗೋಡೆಯಿಂದ ಒಂದು ಗೇಣು ಮುಂದಿರಲಿ. ಸೊಂಟಕ್ಕೂ ಗೋಡೆಗೂ ನಡುವಿನ ಸಂದನ್ನು ಹೊಟ್ಟೆ ಬಿಗಿಹಿಡಿದು ಆದಷ್ಟು ಮುಚ್ಚಿ. ಈಗ ಮೊಣಕೈ ಮಡಿಸದೆ ಎರಡೂ ಕೈಗಳನ್ನು ಮುಂದಿನಿಂದ ಮೇಲೆತ್ತಿ, ತಲೆಯ ಮೇಲಿನ ಗೋಡೆಗೆ ಹೆಬ್ಬೆರಳು ಮುಟ್ಟಿಸಿ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಅನೇಕರಿಗೆ ಹೆಬ್ಬೆರಳು ಗೋಡೆ ತಲುಪುವ ಮೊದಲೇ ಸೊಂಟ ಗೋಡೆ ಬಿಟ್ಟಿರುತ್ತದೆ, ಪಕ್ಕೆಲುಬು ಮುಂದಕ್ಕೆ ಉಬ್ಬಿರುತ್ತದೆ. ಹೆಗಲಿನಲ್ಲಿ ಇಲ್ಲದ ಚಲನೆಯನ್ನು ದೇಹ ಬೆನ್ನಿನಿಂದ ಸಾಲ ತಂದಿದೆ. ಬರಿಗೈಯಲ್ಲಿದ್ದಾಗ ಈ ಸಾಲಕ್ಕೆ ಬಡ್ಡಿಯಿಲ್ಲ. ಕೈಯಲ್ಲಿ ಮೂವತ್ತು ಕಿಲೋ ಇದ್ದರೆ ಇದೆ.

ಭಾರವನ್ನು ಹೆಗಲಿನ ಮಟ್ಟದಿಂದ ತಲೆಯ ಮೇಲಕ್ಕೆ ಒತ್ತುವ ವ್ಯಾಯಾಮಗಳಿಗೆಲ್ಲ ಜಿಮ್‌ಗಳಲ್ಲಿ ಓವರ್‌ಹೆಡ್ ಪ್ರೆಸ್ ಎಂದು ಹೆಸರು. ಬಾರ್ಬೆಲ್ (ಎರಡು ತುದಿಗೂ ಭಾರದ ಪ್ಲೇಟು ಹಾಕುವ ಉದ್ದನೆಯ ಸರಳು) ಹಿಡಿದು ನಿಂತು ಮಾಡುವುದು, ಡಂಬೆಲ್ (ಒಂದೊಂದು ಕೈಯಲ್ಲಿ ಹಿಡಿಯುವ ಗಿಡ್ಡ ಭಾರ) ಹಿಡಿದು ಕೂತು ಮಾಡುವುದು, ಕತ್ತಿನ ಹಿಂದಿನಿಂದ ಎತ್ತುವುದು, ಕಾಲಿನ ನೆರವು ಪಡೆಯುವುದು, ಹೀಗೆ ಹಲವು ಬಗೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಅಲ್ಲಿ ಹೆಗಲು ಯಾರಿಂದ ಸಾಲ ಪಡೆಯುತ್ತಿದೆ?

ಹೆಗಲಿನ ಕೀಲು ಹೇಗಿದೆ ಎಂದು ತಿಳಿಯಲು ಶಾಲೆಯ ಆಟೋಟದ ದಿನ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದನ್ನು ನೆನಪಿಸಿಕೊಂಡರೆ ಸಾಕು. ರಟ್ಟೆಯ ಮೂಳೆಯ ದುಂಡನೆಯ ತಲೆ ನಿಂಬೆಹಣ್ಣು. ಅದು ಕೂರುವ ಆಳವಿಲ್ಲದ ಗುಂಡಿ ಚಮಚ. ಸೊಂಟದ ಕೀಲಿನ ಹಾಗೆ ಇಲ್ಲಿ ಚೆಂಡು ಗುಂಡಿಯೊಳಗೆ ಹುದುಗಿಲ್ಲ. ಹಾಗಿಲ್ಲದಿರುವುದರಿಂದಲೇ ಕೈ ಇಷ್ಟು ದಿಕ್ಕಿಗೆ ತಿರುಗುತ್ತದೆ. ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳ ತಂಡ ಹಣ್ಣನ್ನು ಚಮಚಕ್ಕೆ ಒತ್ತಿ ಹಿಡಿದಿರುತ್ತದೆ. ಇನ್ನು ಚಮಚವೇನೂ ಸುಮ್ಮನೆ ಕೂತಿರುವುದಿಲ್ಲ. ಅದು ಇರುವುದು ಬೆನ್ನಿನ ಮೇಲೆ ಜಾರಾಡುವ ತ್ರಿಕೋನಾಕಾರದ ಹೆಗಲ ಹಲಗೆಯ ತುದಿಯಲ್ಲಿ. ಕೈ ಮೇಲೆದ್ದಂತೆ ಹಲಗೆಯೂ ತಿರುಗುತ್ತ ಚಮಚವನ್ನು ಹಣ್ಣಿನ ಅಡಿಗೆ ತರುತ್ತದೆ. 1944ರಲ್ಲಿ ಅಮೆರಿಕದ ಸಂಶೋಧಕ ಇನ್‌ಮನ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ಕೈಯನ್ನು 180 ಡಿಗ್ರಿ ಎತ್ತಿದಾಗ ಸರಿಸುಮಾರು 120 ಡಿಗ್ರಿ ಕೀಲಿನದು, ಉಳಿದ 60 ಡಿಗ್ರಿ ಹಲಗೆಯದು. ಕನ್ನಡಿಯಲ್ಲಿ ನಮಗೆ ಕಾಣುವುದು ಹೆಗಲ ಮೇಲಿನ ಡೆಲ್ಟಾಯ್ಡ್ ಸ್ನಾಯು ಮಾತ್ರ. ಹಲಗೆಯನ್ನು ತಿರುಗಿಸುವ ಸ್ನಾಯುಗಳು ಬೆನ್ನಿನಲ್ಲಿ, ಪಕ್ಕೆಯಲ್ಲಿ ಮರೆಯಾಗಿ ದುಡಿಯುತ್ತವೆ. ಅವು ಸೋತಾಗ ಶುರುವಾಗುತ್ತದೆ ಸಾಲ.

ಈ ಸಾಲದಿಂದಾಗಿ ಒಲಿಂಪಿಕ್ಸ್‌ನ ಒಂದು ಸ್ಪರ್ಧೆಯೇ ಮುಳುಗಿಹೋಯಿತು. 1928ರ ಆಂಸ್ಟರ್‌ಡ್ಯಾಂ ಕೂಟದಿಂದ ಭಾರ ಎತ್ತುವ ಸ್ಪರ್ಧೆಯಲ್ಲಿ ಮೂರು ಎತ್ತುಗಳಿದ್ದವು: ಪ್ರೆಸ್, ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆತ್ತುವ ಸ್ನ್ಯಾಚ್, ಮೊದಲು ಹೆಗಲಿಗೆ ತಂದು ಆಮೇಲೆ ತಲೆಯ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್. ಪ್ರೆಸ್ ಎಂದರೆ ಕಾಲಿನ ನೆರವಿಲ್ಲದೆ, ನೆಟ್ಟಗೆ ನಿಂತು, ತೋಳು ಹೆಗಲಿನ ಬಲದಿಂದಲೇ ಎತ್ತಬೇಕು. ವರ್ಷಗಳು ಉರುಳಿದಂತೆ ಪಟುಗಳು ಸೊಂಟವನ್ನು ಮುಂದಕ್ಕೆ ಚಿಮ್ಮಿಸಿ, ಎದೆಯನ್ನು ಮುಗಿಲಿಗೆ ತಿರುಗಿಸಿ ಒತ್ತತೊಡಗಿದರು. ಹಾಗೆ ಬಾಗಿದಾಗ ಎದೆಯ ದೊಡ್ಡ ಸ್ನಾಯುವೂ ಕೆಲಸಕ್ಕೆ ಬರುತ್ತದೆ. ನಿಂತಿದ್ದರೂ ಅದು ಅರ್ಧ ಮಲಗಿ ಎತ್ತಿದ ಹಾಗೆ. 1972ರ ಮ್ಯೂನಿಕ್‌ನಲ್ಲಿ ಸೋವಿಯತ್ ದೈತ್ಯ ವಾಸಿಲಿ ಅಲೆಕ್ಸೆಯೆವ್ ಪ್ರೆಸ್‌ನಲ್ಲಿ ಎತ್ತಿದ್ದು 235 ಕಿಲೋ, ಕಾಲುಗಳ ಪೂರ್ಣ ಬಲ ಬಳಸುವ ಜರ್ಕ್‌ನಲ್ಲಿ 230! ಕೈಬಲ ಕಾಲ್ಬಲವನ್ನು ಮೀರಿಸಿತೆಂದು ನಂಬುವುದು ಕಷ್ಟ. ಎಷ್ಟು ಬಾಗಿದರೆ ತಪ್ಪು ಎಂದು ತೀರ್ಪುಗಾರರಲ್ಲೇ ಒಮ್ಮತವಿರಲಿಲ್ಲ. ಆ ಕೂಟದ ನಂತರ ಪ್ರೆಸ್ ಅನ್ನು ಕೈಬಿಡಲಾಯಿತು.

ನಿಂತು ಮಾಡುವ ಬಾರ್ಬೆಲ್ ಪ್ರೆಸ್‌ನ ಕಷ್ಟ ಮೂಗಿನಲ್ಲಿದೆ ಎಂದರೆ ನಗಬೇಡಿ. ಸರಳು ಕತ್ತಿನ ಬುಡದಿಂದ ಹೊರಟು ನೇರ ಮೇಲೆ ಹೋಗಬೇಕು, ದಾರಿಯಲ್ಲಿ ಮುಖ ಅಡ್ಡ. ಹೊಸಬರು ಸರಳನ್ನೇ ಮುಖದ ಸುತ್ತ ಬಳಸಿ ಒಯ್ಯುತ್ತಾರೆ. ಆಗ ಭಾರ ಹೆಗಲಿನಿಂದ ಮುಂದಕ್ಕೆ ಸರಿದು, ಅದನ್ನು ಸರಿದೂಗಿಸಲು ಬೆನ್ನು ಹಿಂದಕ್ಕೆ ಬಾಗುತ್ತದೆ. ಬಲ್ಲವರು ಗಲ್ಲವನ್ನು ಹಿಂದಕ್ಕೆಳೆದು ಸರಳಿಗೆ ದಾರಿ ಬಿಡುತ್ತಾರೆ. ಅದು ಹಣೆ ದಾಟಿದ ಕೂಡಲೇ ತಲೆಯನ್ನು ತೋಳುಗಳ ನಡುವೆ ಮುಂದೆ ತೂರಿಸುತ್ತಾರೆ. ಕೊನೆಗೆ ಸರಳು, ಹೆಗಲು, ಪಾದದ ನಡುಭಾಗ ಮೂರೂ ತೂಗುಗುಂಡು ಬಿಟ್ಟಂತೆ ಒಂದೇ ಸಾಲಿನಲ್ಲಿರಬೇಕು.

ಡಂಬೆಲ್ಲಿಗೆ ಮೂಗಿನ ತಕರಾರಿಲ್ಲ. ಮೊಣಕೈ ಪೂರ್ತಿ ಪಕ್ಕಕ್ಕಲ್ಲದೆ, ಹೆಗಲ ಹಲಗೆ ಸಹಜವಾಗಿ ಮುಖ ಮಾಡಿರುವ ಕಡೆಗೆ, ಎಂದರೆ ಸುಮಾರು 30 ಡಿಗ್ರಿ ಮುಂದಕ್ಕೆ ಇರಬಹುದು. ಆದರೆ ಎರಡು ಕೈಗಳನ್ನು ಕಟ್ಟಿಹಾಕುವ ಸರಳಿಲ್ಲ, ಪ್ರತಿ ಕೈಯೂ ತನ್ನ ಭಾರವನ್ನು ತಾನೇ ತೂಗಿಸಬೇಕು. ರಟ್ಟೆ ನೆಲಕ್ಕೆ ಸಮಾನಾಂತರವಾಗಿದ್ದಾಗ ಡಂಬೆಲ್ ಹೆಗಲಿನ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದನ್ನು ಎತ್ತುವ ಸ್ನಾಯುವಿಗೆ ಸಿಗುವ ಸನ್ನೆಗೋಲಿನ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ. ಹತ್ತು ಕಿಲೋ ಡಂಬೆಲ್ಲಿಗೆ ಸ್ನಾಯು ಕನಿಷ್ಠ ನೂರು ಕಿಲೋ ಭಾರದಷ್ಟು ಎಳೆಯಬೇಕಾಗುತ್ತದೆ. ತಿಂಗಳ ಅಡುಗೆ ಅನಿಲದ ಸಿಲಿಂಡರನ್ನು ಸಲೀಸಾಗಿ ಎತ್ತಿಡುವವರು ಇಲ್ಲಿ ನಡುಗುವುದು ಇದಕ್ಕೇ.

2013ರಲ್ಲಿ ನಾರ್ವೆಯ ಸಂಶೋಧಕರು 15 ಗಂಡಸರಿಂದ ನಾಲ್ಕು ಬಗೆಯ ಪ್ರೆಸ್ ಮಾಡಿಸಿ, ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದರು: ನಿಂತು, ಕೂತು, ಬಾರ್ಬೆಲ್ಲಿನಲ್ಲಿ, ಡಂಬೆಲ್ಲಿನಲ್ಲಿ. ನಿಂತು ಮಾಡಿದ ಡಂಬೆಲ್ ಪ್ರೆಸ್‌ನಲ್ಲಿ ಎತ್ತಬಲ್ಲ ಗರಿಷ್ಠ ತೂಕ ನಿಂತು ಮಾಡಿದ ಬಾರ್ಬೆಲ್ಲಿಗಿಂತ ಸುಮಾರು ಶೇ. 7, ಕೂತು ಮಾಡಿದ ಡಂಬೆಲ್ಲಿಗಿಂತ ಸುಮಾರು ಶೇ. 10 ಕಡಿಮೆ. ಡೆಲ್ಟಾಯ್ಡ್ ಮಾತ್ರ ಅಲ್ಲೇ ಹೆಚ್ಚು ದುಡಿದಿತ್ತು. ವಿದ್ಯುತ್ ಚಟುವಟಿಕೆ ಹೆಚ್ಚಿದ ಮಾತ್ರಕ್ಕೆ ಸ್ನಾಯು ಹೆಚ್ಚು ಬೆಳೆಯುತ್ತದೆ ಎಂದೇನಿಲ್ಲ. ಆದರೂ ಪ್ಲೇಟುಗಳ ಲೆಕ್ಕವೇ ಹೆಗಲಿನ ಲೆಕ್ಕವಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೂತವರು ಒರಗು ಬೆಂಚಿನಿಂದ ಸಾಲ ಪಡೆದಿರುತ್ತಾರೆ. ಸೊಂಟ ನೋವಿನವರಿಗೆ ಅದು ನ್ಯಾಯವಾದ ಸಾಲವೇ.

ಪುಷ್ ಪ್ರೆಸ್ ಕಾಲುಗಳಿಂದ ಬಹಿರಂಗವಾಗಿಯೇ ಸಾಲ ಎತ್ತುತ್ತದೆ. ಮೊಣಕಾಲು ತುಸು ಬಾಗಿಸಿ ಚಿಮ್ಮಿದರೆ ಭಾರ ಅರ್ಧ ದಾರಿ ತಾನೇ ಏರುತ್ತದೆ. ಕತ್ತಿನ ಹಿಂದಿನಿಂದ ಎತ್ತುವ ಬಗೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದು ಕೀಲನ್ನು ಹೊರಕ್ಕೆ ತಿರುಚಿ ಅದರ ಮಿತಿಯ ಅಂಚಿಗೆ ಒಯ್ದು, ಅಲ್ಲಿ ಭಾರ ಹೊರಿಸುತ್ತದೆ. ಗೋಡೆಯ ಪರೀಕ್ಷೆಯಲ್ಲಿ ಸೋತವರಿಗೆ ಅದು ಬೇಡವೇ ಬೇಡ. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಹೆಸರಿನ ಪ್ರೆಸ್‌ನಲ್ಲಿ ಅಂಗೈಯನ್ನು ಮುಖದ ಕಡೆಯಿಂದ ಹೊರಕ್ಕೆ ತಿರುಗಿಸುತ್ತ ಏರಿಸುತ್ತಾರೆ. ನೋಡಲು ಚೆಂದ. ಆದರೆ ಗುರುತ್ವ ಎಳೆಯುವುದು ಕೆಳಕ್ಕೆ, ಅಡ್ಡಕ್ಕಲ್ಲ. ಆ ತಿರುವಿಗೆ ಡಂಬೆಲ್ಲಿನ ಭಾರ ಒಡ್ಡುವ ಪ್ರತಿರೋಧ ಬಹಳ ಕಡಿಮೆ. ಕೈ ಪೂರ್ತಿ ಮೇಲೇಳದವರಿಗೆ ಸರಳಿನ ಒಂದು ತುದಿಯನ್ನು ನೆಲದ ಮೂಲೆಗೆ ಊರಿ, ಇನ್ನೊಂದು ತುದಿಯನ್ನು ಓರೆಯಾಗಿ ಮುಂದಕ್ಕೆ ಒತ್ತುವ ಲ್ಯಾಂಡ್‌ಮೈನ್ ಪ್ರೆಸ್ ಇದೆ. ನಾನು ನೋವಿನ ಹೆಗಲಿನೊಂದಿಗೆ ಆರು ತಿಂಗಳು ಮಾಡಿದ್ದು ಅದನ್ನೇ.

ಈಗ ಮತ್ತೆ ನಿಂತು ಬಾರ್ಬೆಲ್ ಎತ್ತುತ್ತೇನೆ. ಜಿಮ್‌ನಲ್ಲಿರುವ ಅತಿ ಸಣ್ಣ ಪ್ಲೇಟ್ 1.25 ಕಿಲೋದ್ದು. ಎರಡು ಬದಿಗೂ ಹಾಕಿದರೆ ಎರಡೂವರೆ ಕಿಲೋ. ನೂರು ಕಿಲೋ ಹೊತ್ತು ಬಸ್ಕಿ ಹೊಡೆಯುವವರಿಗೆ ಅದು ಶೇ. 2.5 ಏರಿಕೆ. ಮೂವತ್ತು ಕಿಲೋ ಒತ್ತುವ ನನಗೆ ಶೇ. 8 ದಾಟುತ್ತದೆ. ಹಾಗಾಗಿ ಅರ್ಧ ಕಿಲೋದ ಎರಡು ಪ್ಲೇಟು ಕೊಂಡು ಚೀಲದಲ್ಲಿ ಒಯ್ಯುತ್ತೇನೆ. ಪಕ್ಕದಲ್ಲಿ ಎತ್ತುವ ಹುಡುಗರು ಅವನ್ನು ನೋಡಿ ಮುಸಿಮುಸಿ ನಗುತ್ತಾರೆ. ಮೊನ್ನೆ ಅವರಲ್ಲೊಬ್ಬ ಬಂದು, "ಸರ್, ಇವತ್ತೊಂದು ದಿನ ಅವನ್ನು ಕೊಡುತ್ತೀರಾ?" ಎಂದು ಕೇಳಿದ.