ಮನೆಯವರ ದಿನಚರಿಯಿಂದ ಕರೆಂಟ್ ಬೇಡಿಕೆ ಲೆಕ್ಕ ಹಾಕುವುದು: ಕೊಡಗಿನ ಮನೆಗಳನ್ನು ಇಟ್ಟುಕೊಂಡು ಒಂದು ಟಿಪ್ಪಣಿ

ಕರೆಂಟ್ ಬಿಲ್ ನೋಡಿದರೆ ತಿಂಗಳಿಗೆ ಎಷ್ಟು ಯೂನಿಟ್ ಎಂದು ಗೊತ್ತಾಗುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಎಂದು ಗೊತ್ತಾಗುವುದಿಲ್ಲ. ಊರಿಗೆ ಎಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು ಎಂದು ತೀರ್ಮಾನಿಸಲು ಹೊತ್ತಿನ ಲೆಕ್ಕವೇ ಮುಖ್ಯ. ದಿನಚರಿಯಿಂದ ಅದನ್ನು ಅಂದಾಜು ಮಾಡುವ ಲೆಕ್ಕದ ಮಾದರಿಯ ಮೊದಲ ಪ್ರಶ್ನೆ: ಈಗ ಮನೆಯೊಳಗೆ ಎಚ್ಚರವಾಗಿರುವವರು ಎಷ್ಟು ಜನ? ಲೈಟ್, ಗೀಸರ್ ಹಾಕುವವರು ಅವರೇ ತಾನೇ.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಕ್ರೆಸ್ಟ್ ಮಾದರಿ ಹೀಗೇ ಕೆಲಸ ಮಾಡುತ್ತದೆ. ಜನರು ಬರೆದಿಟ್ಟ ದಿನಚರಿಗಳನ್ನು 10 ನಿಮಿಷದ ತುಂಡುಗಳಾಗಿ ನೋಡಿ, ಮಾರ್ಕೋವ್ ಸರಪಳಿ ಕಟ್ಟುತ್ತಾರೆ, ಅಂದರೆ ಈಗಿನ ಸ್ಥಿತಿ ನೋಡಿ ಮುಂದಿನ ತುಂಡಿನಲ್ಲಿ ಏನಾಗುವ ಸಂಭವ ಎಷ್ಟು ಎಂದು ಕೋಷ್ಟಕ ಮಾಡುತ್ತಾರೆ. ಬೆಳಿಗ್ಗೆ 6ಕ್ಕೆ ಇಬ್ಬರು ಎದ್ದಿದ್ದಾರೆ ಎಂದಿಟ್ಟುಕೊಳ್ಳಿ. 6:10ಕ್ಕೂ ಇಬ್ಬರೇ ಇರುವ ಸಂಭವ 0.7, ಮೂವರಾಗುವ ಸಂಭವ 0.2, ಒಬ್ಬರೇ ಉಳಿಯುವುದು 0.1. ಕೂಡಿದರೆ 1 ಬರಬೇಕು. ಹೊತ್ತು ಬದಲಾದಂತೆ ಈ ಕೋಷ್ಟಕವೂ ಬದಲಾಗುತ್ತದೆ.

ಕೊಡಗಿನಲ್ಲಿ ಹೊತ್ತಿನ ಜೊತೆ ಕಾಲವನ್ನೂ ಸೇರಿಸಲೇಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲಿಡೀ ಲೈನ್ ಮನೆಗಳು (ತೋಟದ ಕಾರ್ಮಿಕರ ಸಾಲು ಮನೆಗಳು) ಹೆಚ್ಚುಕಡಿಮೆ ಖಾಲಿ. ಜುಲೈ ಮಳೆಯಲ್ಲಿ ಜನ ಒಳಗಿರುವ ಹೊತ್ತು ಜಾಸ್ತಿ, ಮಧ್ಯಾಹ್ನವೂ ಲೈಟ್ ಬೇಕು. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆ (ಜನ ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ) ಒಳ್ಳೆಯ ಆಧಾರವೇ. ಆದರೆ ಅದರಲ್ಲಿ ದಿನವನ್ನು 10 ಅಲ್ಲ, 30 ನಿಮಿಷದ ತುಂಡು ಮಾಡಿದ್ದಾರೆ, ನೆನಪಿರಲಿ. ಜೊತೆಗೆ ‘ಸ್ನಾನ’ ಎಂದು ಬರೆದಿದ್ದರೆ ಗೀಸರ್ ಎಂದೇ ಅಲ್ಲ. ಸೌದೆ ಒಲೆಯ ಹಂಡೆಯಲ್ಲಿ ನೀರು ಕಾಯಿಸುವ ಮನೆಗಳು ಇಲ್ಲಿ ಇವೆಯಲ್ವಾ? ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿ ಬೇರೆಯಾಗಿಯೇ ಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹತ್ತು ಮನೆ, ಪ್ರತಿ ಮನೆಯಲ್ಲೂ 2 ಕಿಲೋವಾಟ್ ಗೀಸರ್. ಸುಮ್ನೆ ಕೂಡಿದರೆ 20 ಕಿಲೋವಾಟ್. ಆದರೆ ಒಂದೊಂದೂ 6ರಿಂದ 8ರ ಒಳಗೆ ಯಾವಾಗಲೋ 15 ನಿಮಿಷ ಮಾತ್ರ ಉರಿಯುತ್ತದೆ. 120 ನಿಮಿಷದಲ್ಲಿ 15 ಎಂದರೆ ಎಂಟನೇ ಒಂದು ಪಾಲು. ಸರಾಸರಿ ಬೇಡಿಕೆ ಬರೀ 2.5 ಕಿಲೋವಾಟ್! ನಿಜವಾದ ಗರಿಷ್ಠ ಬೇಡಿಕೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಹುಡುಕಲು ಮಾದರಿಯನ್ನು ನೂರಾರು ಸಲ ಓಡಿಸಬೇಕು. ಸರಾಸರಿ ನೋಡಿ ನಿಲ್ಲಿಸಬೇಡಿ.

ಈ ಲೆಕ್ಕ ನಿಂತಿರುವುದು ಮನೆಮನೆಯ ಹೊತ್ತು ಬೇರೆ ಬೇರೆ ಎಂಬುದರ ಮೇಲೆ. ಮಳೆಗಾಲದಲ್ಲಿ ಕರೆಂಟ್ ತಂತಿ ಮೇಲೆ ಮರ ಬಿದ್ದು ಕರೆಂಟ್ ಹೋದಾಗ ಅದು ಕೆಡುತ್ತದೆ. ಮೀಟರ್ ಸೊನ್ನೆ ತೋರಿಸಿದರೂ ಜನ ಒಳಗೇ ಇದ್ದಾರೆ, ಬೇಡಿಕೆ ಹಾಗೇ ಕಾದಿದೆ. ಕರೆಂಟ್ ಬಂದ ಕೂಡಲೇ ಫ್ರಿಜ್, ಯುಪಿಎಸ್ ಬ್ಯಾಟರಿ, ಗೀಸರ್ ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಹತ್ತರಲ್ಲಿ ಆರು ಗೀಸರ್ ಒಮ್ಮೆಲೇ ಹತ್ತಿದರೂ 12 ಕಿಲೋವಾಟ್. ಆದ್ದರಿಂದ ಕರೆಂಟ್ ಇಲ್ಲದ ಹೊತ್ತಿನ ಸೊನ್ನೆಗಳನ್ನು ‘ಬೇಡಿಕೆ ಇಲ್ಲ’ ಎಂದು ತುಂಬಬೇಡಿ, ‘ಮಾಹಿತಿ ಇಲ್ಲ’ ಎಂದು ಗುರುತು ಹಾಕಿ. ಕರೆಂಟ್ ಬಂದ ಮೇಲಿನ ಮೊದಲ ಅರ್ಧ ಗಂಟೆಗೆ ಬೇರೆ ಕೋಷ್ಟಕ ಮಾಡಿ.