ಇನ್‌ಸ್ಟಾಲ್ ಮಾಡಿದ್ದು ನಾವು, ಸ್ಟಾರ್ಟ್ ಮಾಡಿದ್ದು ಯಾರು?

ಬೆಂಗಳೂರಿನ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗಿ, ಉಬುಂಟು ಇರುವ ಕಂಪ್ಯೂಟರಿಗೆ ಅಪಾಚಿ ವೆಬ್ ಸರ್ವರ್ (ಕೇಳಿದವರಿಗೆ ವೆಬ್ ಪುಟ ಕಳಿಸುವ ಪ್ರೋಗ್ರಾಮ್) ಹಾಕಿ ನೋಡಿ. ಇನ್‌ಸ್ಟಾಲ್ ಮುಗಿಯುವಷ್ಟರಲ್ಲಿ ಅದು 80ನೇ ಪೋರ್ಟ್, ಅಂದರೆ ನೆಟ್‌ವರ್ಕಿನಿಂದ ಬರುವ ಮಾತಿಗಿರುವ ಬಾಗಿಲು, ತೆರೆದು ಕೂತಿರುತ್ತದೆ. ಫೆಡೋರಾದಲ್ಲಾದರೆ ಫೈಲುಗಳು ಡಿಸ್ಕಿಗೆ ಬಂದು ಸುಮ್ಮನಿರುತ್ತವೆ. ‘ಸಿಸ್ಟಮ್‌ಸಿಟಿಎಲ್’ ಆಜ್ಞೆ ಕೊಟ್ಟು ನಾವೇ ಎಬ್ಬಿಸಬೇಕು. ಎರಡೂ ಲಿನಕ್ಸೇ.

ಉಬುಂಟುವಿನ ಈ ಅಭ್ಯಾಸ ಅದರ ಮೂಲವಾದ ಡೆಬಿಯನ್ ಎಂಬ ಲಿನಕ್ಸಿನಿಂದ ಬಂದದ್ದು. ಅಲ್ಲಿ ಪ್ಯಾಕೇಜಿನ ಜೊತೆಗೊಂದು ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಫೈಲುಗಳೆಲ್ಲ ಜಾಗಕ್ಕೆ ಬಂದಮೇಲೆ ಅದು ಸರ್ವಿಸನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮನ್ನು, ಶುರು ಮಾಡುತ್ತದೆ. ವೆಬ್ ಸರ್ವರ್ ಹಾಕಿಕೊಂಡವರಿಗೆ ಅದು ಓಡಲೇಬೇಕು ತಾನೇ ಎಂಬುದು ಅದರ ಹಿಂದಿನ ಲೆಕ್ಕ. ಫೆಡೋರಾದಲ್ಲಿ ತಾನಾಗಿ ಶುರುವಾಗಬಹುದಾದ ಸರ್ವಿಸುಗಳದ್ದೊಂದು ಪಟ್ಟಿಯಿದೆ. ಅದರಲ್ಲಿಲ್ಲದ್ದು ಕಾಯಬೇಕು.

ಡೆಬಿಯನ್ ಲೆಕ್ಕ ತಪ್ಪುವುದು, ಏನು ಹಾಕಿಕೊಂಡಿದ್ದೇವೆಂದು ನಮಗೇ ಗೊತ್ತಿಲ್ಲದಾಗ. 2003ರ ಜನವರಿ 25ರಂದು, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಎಂಜಿನ್ನಿನ ದೋಷ ಹಿಡಿದು ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ ವರ್ಮ್ (ತಾನಾಗಿ ಹರಡುವ ಕೇಡಿನ ಪ್ರೋಗ್ರಾಮ್) ಹಬ್ಬಿತು. ಗಾತ್ರ ಬರೀ 376 ಬೈಟ್. 1434ನೇ ಪೋರ್ಟಿಗೆ ಒಂದೇ ಪ್ಯಾಕೆಟ್ ಸಾಕಿತ್ತು. ಸುಮಾರು ಹತ್ತು ನಿಮಿಷದಲ್ಲಿ, ಬಲಿಯಾಗಬಹುದಾಗಿದ್ದ ಕಂಪ್ಯೂಟರುಗಳಲ್ಲಿ ಶೇ. 90ರಷ್ಟು ಅದರ ವಶವಾದವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಟ್ಟಿತ್ತು. ಆದರೆ ಆ ಡೇಟಾಬೇಸ್ ಎಂಜಿನ್ ಎಷ್ಟೋ ಕಡೆ ಬೇರೆ ಸಾಫ್ಟ್‌ವೇರಿನ ಬೆನ್ನಿಗೆ ಅಂಟಿಕೊಂಡು ಬಂದಿತ್ತು. ಇದೆಯೆಂದೇ ಗೊತ್ತಿಲ್ಲದ್ದಕ್ಕೆ ಪ್ಯಾಚ್ ಹಾಕುವವರು ಯಾರು?

ಹಾಗಂತ ಶುರುವಾಗುವುದೇ ತಪ್ಪಲ್ಲ. ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೂಡ ತಾನಾಗಿ ಏಳುತ್ತದೆ, ಆದರೆ ಕಿವಿಗೊಡುವುದು 127.0.0.1ಕ್ಕೆ, ಅಂದರೆ ಅದೇ ಯಂತ್ರದೊಳಗಿನ ಮಾತಿಗೆ ಮಾತ್ರ. ಹೊರಗಿನವರಿಗೆ ಬಾಗಿಲು ತೆರೆಯುವುದು ಬೇರೆಯೇ ನಿರ್ಧಾರ. ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಅಲ್ಲೇ. ಪಿ.ಜಿ. ಕೋಣೆಯ ಲ್ಯಾಪ್‌ಟಾಪಿನಲ್ಲಿ ಏನಾದರೂ ಏಳಲಿ. ಕೋರಮಂಗಲದ ಸ್ಟಾರ್ಟಪ್ಪೊಂದು ಬಾಡಿಗೆಗೆ ಪಡೆದ, ನೇರ ಇಂಟರ್ನೆಟ್ಟಿಗೆ ಒಡ್ಡಿಕೊಂಡ ಕ್ಲೌಡ್ ಸರ್ವರಿನಲ್ಲಿ ಬೇಡ. ಪಾಸ್‌ವರ್ಡ್, ಫೈರ್‌ವಾಲ್ ಸರಿಮಾಡುವ ಮುನ್ನ ಸರ್ವಿಸ್ ಓಡಿಸುವುದು, ಸಂಪಿನಲ್ಲಿ ನೀರಿದೆಯೋ ಇಲ್ಲವೋ ನೋಡದೆ ಮೋಟಾರ್ ಹಾಕಿದಂತೆ.

ಸಣ್ಣ ಕಿರಿಕಿರಿಯೂ ಇದೆ. ಅಪಾಚಿ ಓಡುತ್ತಿರುವಾಗ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಹಾಕಿದರೆ, 80ನೇ ಪೋರ್ಟ್ ಸಿಗದೆ ಅದು ಏಳಲಾರದು. ಅಷ್ಟಕ್ಕೇ ಇನ್‌ಸ್ಟಾಲ್ ವಿಫಲವಾಯಿತೆಂಬ ದೂರು ಹಿಂದೆ ಬರುತ್ತಿದ್ದದ್ದೂ ಉಂಟು!

ಡೆಬಿಯನ್‌ನಲ್ಲೂ ತಡೆಯುವ ದಾರಿಯಿದೆ: ‘ಪಾಲಿಸಿ-ಆರ್‌ಸಿ.ಡಿ’ ಎಂಬ ಸ್ಕ್ರಿಪ್ಟ್. ಅದು 101 ಎಂಬ ಸಂಖ್ಯೆ ಹಿಂತಿರುಗಿಸಿದರೆ ಯಾವ ಪ್ಯಾಕೇಜೂ ಸರ್ವಿಸ್ ಶುರು ಮಾಡುವಂತಿಲ್ಲ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್‌ನ ಡೆಬಿಯನ್ ಇಮೇಜುಗಳಲ್ಲಿ (ಸಿದ್ಧ ಅಚ್ಚುಗಳಲ್ಲಿ) ಇದು ಮೊದಲೇ ಇರುತ್ತದೆ. ಆದರೆ ಇದು ರೀಸ್ಟಾರ್ಟನ್ನೂ ತಡೆಯುತ್ತದೆ. ಸರ್ವರಿನಲ್ಲಿ ಇದನ್ನಿಟ್ಟು ತೆಗೆಯಲು ಮರೆತರೆ, ಭದ್ರತಾ ಅಪ್‌ಡೇಟ್ ಡಿಸ್ಕಿಗೆ ಬಂದಿದ್ದರೂ ಹಳೆಯ ದೋಷದ ಪ್ರೋಗ್ರಾಮೇ ಮೆಮೊರಿಯಲ್ಲಿ ಓಡುತ್ತಿರುತ್ತದೆ, ಯಾರಾದರೂ ಕೈಯಾರೆ ರೀಸ್ಟಾರ್ಟ್ ಮಾಡುವವರೆಗೆ.