ಓದುಗರ ಪ್ರಶ್ನೆ: ವಿದೇಶಿ ಮಾಧ್ಯಮದ ಟೀಕೆಗೆ ಸುಮ್ಮನಿದ್ದರೆ ಒಪ್ಪಿಕೊಂಡಂತಾಗುವುದಿಲ್ಲವೇ?

ಪ್ರಶ್ನೆ: ವಿದೇಶಿ ಪತ್ರಿಕೆಗಳೂ ಟೀವಿ ವಾಹಿನಿಗಳೂ ನಮ್ಮ ದೇಶದ ಬಗ್ಗೆ ಕಟುವಾಗಿ ಬರೆದಾಗ ಸರ್ಕಾರ ಏನೇನು ಮಾಡುತ್ತದೆ? ಸುಮ್ಮನಿದ್ದರೆ ಒಪ್ಪಿಕೊಂಡಂತಾಗುವುದಿಲ್ಲವೇ? ಉತ್ತರ ಕೊಡುವುದಾದರೆ ಹೇಗೆ ಕೊಡಬೇಕು?

ಉತ್ತರ: ಚಿತ್ರದುರ್ಗ ಜಿಲ್ಲೆಯ ಓದುಗರು ಈ ಪ್ರಶ್ನೆ ಕೇಳಿದಾಗ ಉದಾಹರಣೆಗಾಗಿ ದೆಹಲಿಯವರೆಗೆ ಹೋಗಬೇಕಿಲ್ಲ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ನಿಯತಕಾಲಿಕವು ಚಳ್ಳಕೆರೆ ತಾಲ್ಲೂಕಿನ ಬಗ್ಗೆಯೇ ದೀರ್ಘವಾದ ತನಿಖಾ ವರದಿಯೊಂದನ್ನು ಪ್ರಕಟಿಸಿತ್ತು. ಉಳ್ಳಾರ್ತಿ, ಕುದಾಪುರದ ಆಸುಪಾಸಿನ ಹುಲ್ಲುಗಾವಲಿನಲ್ಲಿ ಭಾರತವು ರಹಸ್ಯವಾಗಿ ಅಣುನಗರವನ್ನು ಕಟ್ಟುತ್ತಿದೆ, ಅಲ್ಲಿ ಸಮೃದ್ಧಗೊಳಿಸುವ ಯುರೇನಿಯಂ ಮುಂದೆ ಜಲಜನಕ ಬಾಂಬಿಗೂ ಒದಗಬಹುದು ಎಂಬುದು ಆ ವರದಿಯ ತಿರುಳಾಗಿತ್ತು. 2017ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಕಚೇರಿಯು ರಹಸ್ಯ ಅಣುನಗರದ ಮಾತನ್ನೇ ಎತ್ತಿದಾಗ, ನಮ್ಮ ವಿದೇಶಾಂಗ ಸಚಿವಾಲಯದ ವಕ್ತಾರರು ಅದು ಸಂಪೂರ್ಣ ನಿರಾಧಾರವೆಂದೂ ಪಾಕಿಸ್ತಾನದ ಕಲ್ಪನೆಯಷ್ಟೇ ಎಂದೂ ತಳ್ಳಿಹಾಕಿದರು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಚಳ್ಳಕೆರೆಯಲ್ಲಿ ಅಣುಶಕ್ತಿ, ರಕ್ಷಣಾ ಸಂಸ್ಥೆಗಳಿಗೆ ಭೂಮಿ ಕೊಟ್ಟಿರುವುದು ಯಾವತ್ತೂ ಗುಟ್ಟಾಗಿರಲಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ, ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆಂದು ಸುಮಾರು 10,000 ಎಕರೆ ಅಮೃತಮಹಲ್ ಕಾವಲು (ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು) ಹಂಚಿಕೆಯಾದದ್ದು ಸರ್ಕಾರಿ ಕಡತಗಳಲ್ಲಿಯೇ ಇದೆ. ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷರಾಗಿದ್ದ ಶ್ರೀಕುಮಾರ್ ಬ್ಯಾನರ್ಜಿಯವರು 2011ರಲ್ಲಿಯೇ ಟೀವಿ ಸಂದರ್ಶನದಲ್ಲಿ ಇಲ್ಲಿನ ಯುರೇನಿಯಂ ಘಟಕದ ಬಗ್ಗೆ ಮಾತನಾಡಿದ್ದರು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವನ್ನು 2017ರ ಮೇ ತಿಂಗಳಲ್ಲಿ ಬಹಿರಂಗವಾಗಿಯೇ ಉದ್ಘಾಟಿಸಲಾಯಿತು. ಆದುದರಿಂದ ‘ರಹಸ್ಯ ನಗರ’ ಎಂಬ ವರ್ಣನೆಯನ್ನು ಅಲ್ಲಗಳೆಯುವುದಕ್ಕೆ ಸರ್ಕಾರದ ಬಳಿ ಸಾಕಷ್ಟು ಆಧಾರವಿತ್ತು. ಘಟಕದ ಅಂತಿಮ ಬಳಕೆಯ ಪ್ರಶ್ನೆ ಮಾತ್ರ ಬೇರೆಯದು. 1962ರ ಅಣುಶಕ್ತಿ ಕಾಯ್ದೆಯು ಅಂಥ ಮಾಹಿತಿಯನ್ನು ಗೋಪ್ಯವಾಗಿಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು, ಯಾವ ಅಣ್ವಸ್ತ್ರ ರಾಷ್ಟ್ರವೂ ಅದನ್ನು ಪತ್ರಿಕಾಗೋಷ್ಠಿಯಲ್ಲಿ ವಿವರಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಸಂಗದ ಮುಖ್ಯ ಭಾಗವು ಬಾಂಬಿನದಲ್ಲ, ಹುಲ್ಲಿನದು. ದನ, ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವ ಆ ಹಳ್ಳಿಗಳ ಜನ ತಮ್ಮ ಕಾವಲಿಗೆ ಗೋಡೆ ಬಂದಾಗ ಮೊದಲು ಕೇಳಿದ್ದು ತಹಶೀಲ್ದಾರರನ್ನು, ಜಿಲ್ಲಾಡಳಿತವನ್ನು. ಆಮೇಲೆ 2013ರಲ್ಲಿ ಪ್ರಕರಣವು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಇವೆಲ್ಲ ಆದ ನಂತರವೇ ಅಮೆರಿಕದ ಪತ್ರಿಕೆ ಬಂದದ್ದು. ಪರದೇಶದ ವರದಿಗಾರನು ಬರೆಯುವ ಟೀಕೆಯ ಬಹುಪಾಲು ನಮ್ಮವರೇ ಮೊದಲು ನಮ್ಮ ಭಾಷೆಯಲ್ಲಿ ಆಡಿ, ಉತ್ತರ ಸಿಗದೆ ಉಳಿದ ಮಾತಾಗಿರುತ್ತದೆ. ಅದನ್ನು ಹೊರಗಿನವರ ಸಂಚೆಂದು ಕರೆದಾಗ ವಕ್ತಾರರು ತಮಗೆ ತಿಳಿಯದೆಯೇ ಉಳ್ಳಾರ್ತಿಯ ಕುರಿಗಾಹಿಯನ್ನೂ ಆ ಸಂಚಿನೊಳಕ್ಕೆ ಸೇರಿಸಿದಂತಾಗುತ್ತದೆ, ಇದು ಅನ್ಯಾಯ.

ಇನ್ನು ಸರ್ಕಾರದ ಕೈಯಲ್ಲಿರುವ ಸಾಧನಗಳ ವಿಷಯ. ಮೊದಲನೆಯದು ಮಾತು: ವಿದೇಶಾಂಗ ಸಚಿವಾಲಯದ ವಕ್ತಾರರ ವಾರದ ಪತ್ರಿಕಾಗೋಷ್ಠಿ, ಆಯಾ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಿಂದ ಸಂಪಾದಕರಿಗೆ ಪತ್ರ, ಪತ್ರಿಕಾ ವಾರ್ತಾ ಕಾರ್ಯಾಲಯದ ಹೇಳಿಕೆ. 2012ರ ಸೆಪ್ಟೆಂಬರ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯು ಮನಮೋಹನ್ ಸಿಂಗ್ ಅವರನ್ನು ದುರಂತ ವ್ಯಕ್ತಿಯಾಗಿ ಚಿತ್ರಿಸಿದಾಗ ಪ್ರಧಾನಿ ಕಚೇರಿ ಪತ್ರ ಬರೆದು ಆಕ್ಷೇಪಿಸಿತು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆಯ ಬಗ್ಗೆ ‘ದಿ ಆಸ್ಟ್ರೇಲಿಯನ್’ ಪ್ರಕಟಿಸಿದ ಬರಹಕ್ಕೆ ಕ್ಯಾನ್‌ಬೆರಾದ ನಮ್ಮ ಹೈಕಮಿಷನ್ ಖಾರವಾದ ಪತ್ರ ಕಳುಹಿಸಿತು. ಎರಡನೆಯದು ಪ್ರವೇಶ: ಪತ್ರಕರ್ತರ ವೀಸಾ, ಮಾನ್ಯತೆ, ಪರವಾನಗಿ. ಮೂರನೆಯದು ತಡೆ: ಅಂತರ್ಜಾಲದಲ್ಲಿನ ಬರಹ, ದೃಶ್ಯಗಳನ್ನು ತಡೆಯಲು ಅಧಿಕಾರ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಮತ್ತು 2021ರ ನಿಯಮಗಳು, ಮುದ್ರಿತ ಪ್ರತಿಗಳಾದರೆ ಸುಂಕ ಕಾಯ್ದೆ. ಭೂಪಟದ ವಿಷಯ ಬಂದಾಗ ಇಂಥ ತಡೆಗಳು ತಕ್ಷಣ ಹೊರಬರುತ್ತವೆ. ಕಾಶ್ಮೀರವನ್ನು ತಪ್ಪಾಗಿ ತೋರಿಸಿದ್ದಕ್ಕೆ 2015ರಲ್ಲಿ ಅಲ್ ಜಜೀರಾ ವಾಹಿನಿಯನ್ನು ಐದು ದಿನ ನಿಲ್ಲಿಸಲಾಗಿತ್ತು.

ಪ್ರವೇಶವನ್ನು ಮುಚ್ಚುವ ಅಭ್ಯಾಸವು ಒಂದು ಪಕ್ಷದ್ದಲ್ಲ. ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಸಾಕ್ಷ್ಯಚಿತ್ರ ಸರಣಿಯು ಭಾರತದ ಬಡತನವನ್ನೇ ತೋರಿಸುತ್ತದೆಂಬ ಸಿಟ್ಟಿನಿಂದ, ಅದನ್ನು ಪ್ರಸಾರ ಮಾಡಿದ ಬಿಬಿಸಿಯ ದೆಹಲಿ ಕಚೇರಿಯನ್ನು 1970ರಲ್ಲಿ ಮುಚ್ಚಿಸಲಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ನಿಯಮಗಳಿಗೆ ಸಹಿ ಹಾಕಲೊಪ್ಪದ ಹಲವು ವಿದೇಶಿ ವರದಿಗಾರರು ದೇಶ ಬಿಡಬೇಕಾಯಿತು, ಬಿಬಿಸಿಯ ಮಾರ್ಕ್ ಟಲ್ಲಿಯವರೂ ಹೊರಟರು. ಆ 21 ತಿಂಗಳುಗಳಲ್ಲಿ ಆಕಾಶವಾಣಿಯನ್ನು ನಂಬದ ಜನರು ರಾತ್ರಿ ರೇಡಿಯೊ ತಿರುಗಿಸಿ ಹುಡುಕುತ್ತಿದ್ದುದು ಬಿಬಿಸಿಯನ್ನೇ.

2023ರ ಜನವರಿಯಲ್ಲಿ ಬಿಬಿಸಿಯು 2002ರ ಗುಜರಾತ್ ಗಲಭೆ ಮತ್ತು ನರೇಂದ್ರ ಮೋದಿಯವರ ಕುರಿತ ಸಾಕ್ಷ್ಯಚಿತ್ರವನ್ನು ಬ್ರಿಟನ್ನಿನಲ್ಲಿ ಪ್ರಸಾರ ಮಾಡಿದಾಗ ಮೇಲಿನ ಸಾಧನಗಳಲ್ಲಿ ಹಲವು ಒಟ್ಟಿಗೇ ಬಳಕೆಯಾದವು. ಅದು ಪ್ರಚಾರದ ಸರಕು, ವಸಾಹತುಶಾಹಿ ಮನೋಭಾವದ ಮುಂದುವರಿಕೆ ಎಂದು ವಕ್ತಾರರು ಹೇಳಿದರು; ತುರ್ತು ಅಧಿಕಾರ ಬಳಸಿ ಯೂಟ್ಯೂಬ್, ಟ್ವಿಟರ್‌ಗಳಲ್ಲಿನ ಕೊಂಡಿಗಳನ್ನು ತೆಗೆಸಲಾಯಿತು; ಫೆಬ್ರುವರಿ 14ರಂದು ದೆಹಲಿ ಮತ್ತು ಮುಂಬೈ ಕಚೇರಿಗಳಲ್ಲಿ ಆದಾಯ ತೆರಿಗೆ ಇಲಾಖೆಯ ‘ಸರ್ವೆ’ ಎಂಬ ಲೆಕ್ಕಪತ್ರ ಪರಿಶೀಲನೆ ಆರಂಭವಾಯಿತು. ತೆರಿಗೆ ಕಾನೂನು ಎಲ್ಲರಿಗೂ ಒಂದೇ ಎಂಬುದರಲ್ಲಿ ಎರಡು ಮಾತಿಲ್ಲ, ಬಿಬಿಸಿಗೂ ವಿನಾಯಿತಿ ಇರಬಾರದು. ಆದರೆ ಸಾಕ್ಷ್ಯಚಿತ್ರ ಬಂದ ನಾಲ್ಕೇ ವಾರಕ್ಕೆ ಅಧಿಕಾರಿಗಳು ಬಾಗಿಲು ತಟ್ಟಿದಾಗ ಜಗತ್ತು ಅದನ್ನು ತೆರಿಗೆಯ ವಿಷಯವಾಗಿ ಓದಲಿಲ್ಲ. ಚಿತ್ರದಲ್ಲಿ ಯಾವ ಹೇಳಿಕೆ ಸುಳ್ಳು, ಯಾವುದು ಸುಪ್ರೀಂ ಕೋರ್ಟಿನ ತೀರ್ಪಿಗೆ ವಿರುದ್ಧ ಎಂದು ಒಂದೊಂದಾಗಿ ತೋರಿಸುವ ಅವಕಾಶ ಸರ್ಕಾರಕ್ಕಿತ್ತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಮೋದಿಯವರ ವಿರುದ್ಧ ಮೊಕದ್ದಮೆಗೆ ಸಾಕ್ಷ್ಯವಿಲ್ಲವೆಂದ ವಿಶೇಷ ತನಿಖಾ ತಂಡದ ವರದಿಯನ್ನು ಎತ್ತಿಹಿಡಿದ ತೀರ್ಪು ಅದರ ಕೈಯಲ್ಲೇ ಇತ್ತು. ಆ ತೀರ್ಪು ಚರ್ಚೆಯ ಮಧ್ಯಕ್ಕೆ ಬರಬೇಕಾಗಿತ್ತು. ಚರ್ಚೆ ನಡೆದದ್ದು ಮಾತ್ರ ತಡೆಯ ಬಗ್ಗೆ.

ತಡೆಯ ಆದೇಶಗಳಿಗೆ ನಮ್ಮ ರಾಜ್ಯದೊಡನೆಯೂ ನಂಟಿದೆ. ಕೇಂದ್ರದ ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಸರ್ಕಾರಕ್ಕೆ ಅಧಿಕಾರವಿದೆ ಎಂಬುದು ಆ ತೀರ್ಪಿನಿಂದ ಸ್ಪಷ್ಟ. ಅಧಿಕಾರವಿರುವುದಕ್ಕೂ, ಅದನ್ನು ಬಳಸಿದಾಗ ಉತ್ತರ ಕೊಟ್ಟಂತಾಗುವುದಕ್ಕೂ ಅಂತರವಿದೆ.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಪ್ರಕರಣ ಕೋವಿಡ್ ಸಾವುಗಳದು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು (ಸಾಮಾನ್ಯ ಕಾಲದಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾದ ಸಾವುಗಳು) ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು ಅಂದಾಜಿಸಿತು. ಆ ಅವಧಿಯ ಅಧಿಕೃತ ಕೋವಿಡ್ ಸಾವುಗಳು ಸುಮಾರು 4.81 ಲಕ್ಷ. ಅದಕ್ಕೂ ಮೊದಲೇ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’, ಈ ಅಂಕಿಗಳ ಪ್ರಕಟಣೆಯನ್ನು ಭಾರತ ತಡೆಹಿಡಿಯುತ್ತಿದೆ ಎಂದು ವರದಿ ಮಾಡಿತ್ತು. ಆರೋಗ್ಯ ಸಚಿವಾಲಯವು ಆಗ ಕೊಟ್ಟ ಉತ್ತರ ಬೈಗುಳದ್ದಾಗಿರಲಿಲ್ಲ, ಇದನ್ನು ಮೆಚ್ಚಿ ಹೇಳಬೇಕು. ಆಕ್ಷೇಪವಿರುವುದು ಫಲಿತಾಂಶಕ್ಕಲ್ಲ, ವಿಧಾನಕ್ಕೆ ಎಂದು ಅದು ಹೇಳಿತು; ಇಷ್ಟು ದೊಡ್ಡ, ವೈವಿಧ್ಯದ ದೇಶಕ್ಕೆ ಚಿಕ್ಕ ದೇಶಗಳ ಮಾದರಿಯನ್ನೇ ಹೊಂದಿಸಿದ್ದನ್ನೂ, 17 ರಾಜ್ಯಗಳ ಅಂಕಿಗಳನ್ನು ಜಾಲತಾಣ ಮತ್ತು ಮಾಧ್ಯಮ ವರದಿಗಳಿಂದ ಆಯ್ದದ್ದನ್ನೂ ಪ್ರಶ್ನಿಸಿತು. ಇದು ವಿಷಯಕ್ಕೆ ಕೊಟ್ಟ ಉತ್ತರ, ಯಾವ ತಜ್ಞನಾದರೂ ಚರ್ಚಿಸಬಹುದಾದ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೊರಬರುವ ಎರಡು ದಿನ ಮೊದಲು ಸರ್ಕಾರವು 2020ರ ಜನನ-ಮರಣ ನೋಂದಣಿಯ ವರದಿಯನ್ನೂ ಪ್ರಕಟಿಸಿತು: ಆ ವರ್ಷ ನೋಂದಾಯಿತ ಸಾವುಗಳು 81.2 ಲಕ್ಷ.

ಅದು ಅಲ್ಲಿಗೆ ನಿಂತಿತು. ಎರಡನೇ ಅಲೆಯ ವರ್ಷವಾದ 2021ರ ವರದಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ, ಅದರಲ್ಲಿ ನೋಂದಾಯಿತ ಸಾವುಗಳು ಸುಮಾರು 1.02 ಕೋಟಿ, ಅಂದರೆ ಹಿಂದಿನ ವರ್ಷಕ್ಕಿಂತ ಸುಮಾರು 21 ಲಕ್ಷ ಹೆಚ್ಚು. ಇವೆಲ್ಲ ಕೋವಿಡ್ ಸಾವುಗಳೆಂದು ಹೇಳಲಾಗದು. ನೋಂದಣಿ ಸುಧಾರಿಸಿದ್ದರೂ ಸಂಖ್ಯೆ ಏರುತ್ತದೆ. 47 ಲಕ್ಷ ಎಂಬ ಅಂದಾಜನ್ನು ಇದು ಖಚಿತಪಡಿಸುವುದೂ ಇಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಗಣಿತದ ಮಾದರಿಯನ್ನು ತಪ್ಪೆಂದು ತೋರಿಸಬಲ್ಲ ದೊಡ್ಡ ಪುರಾವೆ ನಮ್ಮದೇ ಗ್ರಾಮ ಪಂಚಾಯಿತಿ, ನಗರಸಭೆಗಳ ಮರಣ ನೋಂದಣಿ ಪುಸ್ತಕಗಳಲ್ಲಿತ್ತು. ದಾವಣಗೆರೆಯ ಮಹಾನಗರ ಪಾಲಿಕೆಯಲ್ಲಿ ಮರಣ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಂತ ಪ್ರತಿಯೊಂದು ಕುಟುಂಬವೂ ಆ ಪುರಾವೆಗೆ ಒಂದು ಸಾಲನ್ನು ಸೇರಿಸಿತ್ತು. ಆ ಲೆಕ್ಕವು ಬೇಗ ಹೊರಬಂದಿದ್ದರೆ, ವಿದೇಶಿ ಅಂದಾಜು ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಮಾತು ನಮ್ಮ ಅಂಕಿಗಳಿಂದ ಆರಂಭವಾಗುತ್ತಿತ್ತು.

ಬೇರೆ ದೇಶಗಳೂ ಇದೇ ಇಕ್ಕಟ್ಟಿನಲ್ಲಿ ಸಿಲುಕಿವೆ. ಸಿಂಗಪುರವು 1986ರಲ್ಲಿ ಕಾಯ್ದೆ ತಿದ್ದಿ, ತನ್ನ ಉತ್ತರವನ್ನು ಪ್ರಕಟಿಸಲೊಪ್ಪದ ವಿದೇಶಿ ಪತ್ರಿಕೆಗಳ ಪ್ರಸರಣವನ್ನೇ ಕತ್ತರಿಸಿತು. ‘ಏಷ್ಯನ್ ವಾಲ್ ಸ್ಟ್ರೀಟ್ ಜರ್ನಲ್’ ಮರುವರ್ಷ ಸುಮಾರು 5,000 ಪ್ರತಿಗಳಿಂದ 400ಕ್ಕೆ ಇಳಿಯಿತು. ಉತ್ತರಿಸುವ ಹಕ್ಕನ್ನು ಕೇಳಿದ್ದು ನ್ಯಾಯವೇ, ಆದರೆ ಪ್ರತಿ ಕತ್ತರಿಸಿದಾಗ ದಂಡ ತೆತ್ತವನು ಸಿಂಗಪುರದ ಓದುಗ. ಚೀನಾ 2020ರಲ್ಲಿ ಅಮೆರಿಕದ ಮೂರು ದೊಡ್ಡ ಪತ್ರಿಕೆಗಳ ವರದಿಗಾರರನ್ನು ಹೊರಹಾಕಿತು. ಅದಕ್ಕೂ ಮುನ್ನ ಅಮೆರಿಕವೇ ಚೀನೀ ಸರ್ಕಾರಿ ಮಾಧ್ಯಮದ ಸಿಬ್ಬಂದಿಯನ್ನು ಕಡಿತ ಮಾಡಿತ್ತು. ಕತಾರ್‌ನದು ಇವೆರಡಕ್ಕಿಂತ ಭಿನ್ನ. ಫುಟ್‌ಬಾಲ್ ವಿಶ್ವಕಪ್ ಕಾಮಗಾರಿಯಲ್ಲಿ ನೇಪಾಳಿ ಕಾರ್ಮಿಕರ ಸಾವುಗಳ ಬಗ್ಗೆ 2013ರಲ್ಲಿ ‘ಗಾರ್ಡಿಯನ್’ ಬರೆದಾಗ ಕತಾರ್ ಸರ್ಕಾರವು ಅಂತರರಾಷ್ಟ್ರೀಯ ಕಾನೂನು ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಿತು. 2015ರಲ್ಲಿ ಕಾರ್ಮಿಕರ ಸ್ಥಿತಿ ನೋಡಲು ಹೋದ ಬಿಬಿಸಿ ತಂಡವನ್ನು ಬಂಧಿಸಿಯೂ ಇತ್ತು. 2020ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟು, 2021ರ ಮಾರ್ಚ್‌ನಿಂದ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ತಂದಿತು. ಬಂಧನದಿಂದ ಕತಾರ್‌ಗೆ ಯಾವ ಗೌರವವೂ ಬರಲಿಲ್ಲ. ಕಾನೂನಿನ ಬದಲಾವಣೆಯನ್ನು ಮಾತ್ರ, ಜಾರಿಯಲ್ಲಿನ ಕೊರತೆಗಳನ್ನು ಎತ್ತಿ ತೋರುತ್ತಲೇ, ಟೀಕಾಕಾರರೂ ದಾಖಲಿಸಬೇಕಾಯಿತು.

ಸುಮ್ಮನಿದ್ದರೆ ಒಪ್ಪಿಕೊಂಡಂತೆಯೇ ಎಂಬ ನಿಮ್ಮ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸಬಹುದು. ತಪ್ಪು ಸಂಗತಿ ಅಚ್ಚಾಗಿದ್ದರೆ ಸುಮ್ಮನಿರಬಾರದು. ಯಾವ ವಾಕ್ಯ ತಪ್ಪು, ಸರಿಯಾದ ಅಂಕಿ ಯಾವುದು, ದಾಖಲೆ ಎಲ್ಲಿದೆ ಎಂದು ಅದೇ ವಾರ ತಿಳಿಸಬೇಕು. ಅಭಿಪ್ರಾಯವಷ್ಟೇ ಕಹಿಯಾಗಿದ್ದರೆ ಸುಮ್ಮನಿರುವುದರಿಂದ ಏನೂ ಕಳೆದುಹೋಗುವುದಿಲ್ಲ. ಸಂಗತಿಯೇ ನಿಜವಾಗಿದ್ದರೆ ಉತ್ತರ ಕೊಡಬೇಕಾದದ್ದು ಸಂಪಾದಕರಿಗಲ್ಲ, ಆ ಸಂಗತಿಯಿಂದ ನೊಂದ ನಮ್ಮವರಿಗೆ.

ಈ ವಿವೇಚನೆಗೆ ನಮ್ಮಲ್ಲಿ ಹಳೆಯ ಮಾದರಿಯೂ ಇದೆ. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೊ ಭಾರತದ ಬಾಲ್ಯವಿವಾಹ, ಹೆಣ್ಣುಮಕ್ಕಳ ದುಃಸ್ಥಿತಿಗಳನ್ನು ಮುಂದಿಟ್ಟು ಭಾರತೀಯರು ಸ್ವರಾಜ್ಯಕ್ಕೆ ಅರ್ಹರಲ್ಲವೆಂಬ ಧ್ವನಿಯಲ್ಲಿ ಪುಸ್ತಕ ಬರೆದಾಗ ದೇಶವೆಲ್ಲ ಕೆರಳಿತು. ಗಾಂಧೀಜಿಯವರು ಅದನ್ನು ಚರಂಡಿ ತಪಾಸಣೆ ಮಾಡುವವರ ವರದಿ ಎಂದು ಕಟುವಾಗಿ ಖಂಡಿಸಿದರು. ಅದೇ ಲೇಖನದಲ್ಲಿ, ಆರೋಪವನ್ನು ಆಕೆ ಮಂಡಿಸಿದ ರೀತಿಯನ್ನು ನಿರಾಕರಿಸಿದರೂ ಅದರ ಅಡಿಯಲ್ಲಿರುವ ಸತ್ಯವನ್ನು ನಿರಾಕರಿಸಬಾರದೆಂದು ಭಾರತೀಯರಿಗೆ ಹೇಳಿದರು. ಆಗ ಚಿತ್ರದುರ್ಗ, ದಾವಣಗೆರೆಗಳು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸುವ ಕಾನೂನು ಬಂದಿತ್ತು. ಬ್ರಿಟಿಷ್ ಭಾರತದಲ್ಲಿ ಹರ್ ಬಿಲಾಸ್ ಸಾರಡಾ ಅವರು ಮಂಡಿಸಿ, ಮಹಿಳಾ ಸಂಘಟನೆಗಳು ಒತ್ತಾಯಿಸಿದ ಮಸೂದೆಯು ಹುಡುಗಿಯರ ಕನಿಷ್ಠ ವಯಸ್ಸನ್ನು 14ಕ್ಕೆ ಏರಿಸಿ 1929ರಲ್ಲಿ ಕಾಯ್ದೆಯಾಯಿತು, 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು.